ಮಾಳಿಗೆ ಗೋಡೆಯ ನಾಲ್ಕು ಚಿತ್ರ

ನಮ್ಮ ಮನೆಯಲ್ಲಿ ಯಾರಾದರೂ ಸುಮ್ಮನೆ ಕೂತದ್ದನ್ನು ನೋಡಿದ ನೆನಪು ನನಗಿಲ್ಲ. ಅಬ್ಬಾ ಸರ್ಕಾರಿ ಬಸ್ಸಿನ ಡ್ರೈವರು. ಕಲಬುರಗಿಯಿಂದ ಕಮಲಾಪುರ, ಅಲ್ಲಿಂದ ಹುಮನಾಬಾದ, ಮತ್ತೆ ಅದೇ ದಾರಿಯಲ್ಲಿ ವಾಪಸು. ಸೀಟಿನ ಮೇಲೆ ಕೂತು ಕೂತು ಸೊಂಟ ಹಿಡಿಯುತ್ತಿತ್ತಂತೆ, ಅದಕ್ಕೆ ಮನೆಗೆ ಬಂದರೂ ಬಾಗಿಲ ಹತ್ತಿರ ನಿಂತೇ ಚಹಾ ಕುಡಿಯುತ್ತಿದ್ದರು. ಅಮ್ಮಿ ಅಂಗನವಾಡಿ ಟೀಚರು. ಬೆಳಿಗ್ಗೆ ಬುರ್ಖಾ ಏರಿಸಿಕೊಂಡು, ಬಗಲಿಗೆ ಮಕ್ಕಳನ್ನು ತೂಗುವ ತಕ್ಕಡಿ ಹಾಕಿಕೊಂಡು ಹೊರಟರೆ ಓಣಿ ಓಣಿ ತಿರುಗಿ ಬರುವ ಹೊತ್ತಿಗೆ ಮೂರು ಗಂಟೆ. ಅಮ್ಮಿಯ ತಾಯಿ, ನಮ್ಮ ನಾನಿಮಾ, ಕಮಲಾಪುರದವಳು. ಅಲ್ಲಿಯ ಮನೆಯನ್ನೂ ಬಿಡಲೊಲ್ಲಳು, ಇಲ್ಲಿಯ ಮಗಳನ್ನೂ ಬಿಡಲೊಲ್ಲಳು. ವಾರಕ್ಕೆರಡು ಸಲ ಅಳಿಯನ ಬಸ್ಸು ಹತ್ತಿ, ಕೆಂಪು ಬಾಳೆಹಣ್ಣಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬಂದಿಳಿಯುತ್ತಿದ್ದಳು. ಇಂಥವರ ನಡುವೆ ಹುಟ್ಟಿದ ನನ್ನ ಕಾಲು ಒಂದು ಕಡೆ ನಿಲ್ಲದಿದ್ದರೆ ಅದು ನನ್ನ ತಪ್ಪೇ? ಅಮ್ಮಿಯ ಪ್ರಕಾರ ಹೌದು, ಪೂರ್ತಿ ನನ್ನದೇ. ಹಾಗಾಗಿ ನಮ್ಮ ಅಡುಗೆಮನೆಯ ಲಟ್ಟಣಿಗೆ ಚಪಾತಿಗಿಂತ ನನ್ನ ಬೆನ್ನಿಗೇ ಹೆಚ್ಚು ಬಳಕೆಯಾಗುತ್ತಿತ್ತು.

ಮನೆ ಇದ್ದದ್ದು ಕಲಬುರಗಿಯ ರೋಜಾ ಬಡಾವಣೆಯಲ್ಲಿ, ದರ್ಗಾದ ಹಿಂದಿನ ಓಣಿಯಲ್ಲಿ. ಎರಡು ಕೋಣೆ, ಶಹಾಬಾದ್ ಕಲ್ಲಿನ ಅಂಗಳ, ಅಂಗಳದಿಂದ ಮಾಳಿಗೆಗೆ ಹತ್ತುವ ಕಡಿದಾದ ಮೆಟ್ಟಿಲು, ಮೇಲೆ ಒಂದು ಬಾಡಿಗೆ ಕೋಣೆ. ಬೇಸಿಗೆಯಲ್ಲಿ ಆ ಕಲ್ಲು ಎಷ್ಟು ಕಾಯುತ್ತಿತ್ತೆಂದರೆ ಅಂಗಳ ದಾಟಬೇಕಾದರೆ ಓಡಲೇಬೇಕು. ಓಡಿದರೆ ಏಟು ಬೇರೆ. ಮನೆಯಲ್ಲಿ ನಾವು ಆಡುತ್ತಿದ್ದದ್ದು ದಖನಿ ಉರ್ದು. ಆದರೆ ಸಿಟ್ಟು ಬಂತೆಂದರೆ ಅಮ್ಮಿ, ನಾನಿಮಾ ಇಬ್ಬರೂ ಕನ್ನಡಕ್ಕೆ ಜಿಗಿಯುತ್ತಿದ್ದರು. ಕಮಲಾಪುರದಲ್ಲಿ ಬೆಳೆದವರಿಗೆ ಜಗಳಕ್ಕೆ ಕನ್ನಡವೇ ಒಗ್ಗಿತ್ತು. ನಮ್ಮ ಮನೆಯಲ್ಲಿ ಸಿಟ್ಟಿನ ಹೊತ್ತೇ ಹೆಚ್ಚಾದ್ದರಿಂದ ನನ್ನ ಕನ್ನಡ ಬಲು ಬೇಗ ಚೆನ್ನಾಯಿತು. ಹಗಲು ಕನ್ನಡ ಶಾಲೆ. ಸಂಜೆ ಮಸೀದಿಯ ಪಕ್ಕದ ಪಡಸಾಲೆಯಲ್ಲಿ ಕುರಾನು ಕಲಿಸುವ ಹಾಫಿಜ್ ಸಾಬರ ಮುಂದೆ ಚಾಪೆಯ ಮೇಲೆ ಕೂತು, ಅರಬ್ಬಿ ಅಕ್ಷರದ ಮೇಲೆ ಬೆರಳಿಟ್ಟು ಓದು. ಅರ್ಥ ಗೊತ್ತಿರಲಿಲ್ಲ, ಓದು ಮಾತ್ರ ನೀರು ಕುಡಿದಷ್ಟು ಸಲೀಸು.

ಅಮ್ಮಿಯ ಮೇಲೆ ನನಗಿದ್ದ ಸಿಟ್ಟನ್ನು ಇಲ್ಲೇ ಹೇಳಿಬಿಡುತ್ತೇನೆ. ಊರವರ ಮಕ್ಕಳ ಮೂಗನ್ನು ತನ್ನ ಸೆರಗಿನಿಂದ ಒರೆಸಿ, "ಬಾ ನನ್ನ ಬಂಗಾರ, ಎಷ್ಟು ತೂಕ ಆಗೀದಿ ನೋಡೋಣು" ಎಂದು ಮುದ್ದು ಮಾಡುತ್ತಿದ್ದ ಹೆಂಗಸು, ನಮ್ಮ ಹೊಸ್ತಿಲು ದಾಟಿದ ಕೂಡಲೇ ಬೇರೆಯೇ ಆಗುತ್ತಿದ್ದಳು. ನನ್ನ ತೂಕವನ್ನು ಆಕೆ ಎಂದಾದರೂ ನೋಡಿದ್ದಳೇ? ಒಂದು ದಿನ ಹಟ ಹಿಡಿದು ಅಂಗನವಾಡಿಯ ತಕ್ಕಡಿಯ ಜೋಲಿಯಲ್ಲಿ ನಾನೇ ಕೂತೆ. ಹತ್ತು ವರ್ಷದ ಎಮ್ಮೆ ನಾನು. ಹಗ್ಗ ಹರಿಯಿತು. ಆವತ್ತಿನ ಏಟಿನ ಗುರುತು ಎಡ ಮೊಣಕೈ ಮೇಲೆ ಈಗಲೂ ಇದೆ.

ಆ ವರ್ಷದ ಚಳಿಗಾಲದಲ್ಲಿ ಮಾಳಿಗೆಯ ಕೋಣೆಗೆ ಯೆಮನ್ ದೇಶದವರು ಬಂದರು. ಯಹ್ಯಾ ಎಂಬಾತ ಯೂನಿವರ್ಸಿಟಿಯಲ್ಲಿ ಓದಲು ಬಂದವನು. ಆತನ ಹೆಂಡತಿ ಅಮಲ್, ಮತ್ತು ಹುದಾ ಎಂಬ ಮೂರು ತಿಂಗಳ ಹೆಣ್ಣುಕೂಸು. ಯಹ್ಯಾನಿಗೆ ಇಂಗ್ಲಿಷು ಬರುತ್ತಿತ್ತು, ಅಬ್ಬಾನ ಮುರುಕು ಇಂಗ್ಲಿಷಿನಲ್ಲಿ ವ್ಯವಹಾರ ನಡೆಯುತ್ತಿತ್ತು. ಅಮಲ್‌ಗೆ ಅರಬ್ಬಿ ಬಿಟ್ಟು ಏನೂ ಬಾರದು. ಇಪ್ಪತ್ತೋ ಇಪ್ಪತ್ತೊಂದೋ ವಯಸ್ಸು, ಬಿಳಿಚಿದ ಮುಖ, ಸದಾ ಬಾಗಿಲಿಗೆ ಒಂದು ಕಿವಿ. ನಮ್ಮ ಓಣಿಯ ಹೆಂಗಸರಿಗೆ ಇದೊಂದು ದೊಡ್ಡ ಭಾಗ್ಯವಾಗಿಬಿಟ್ಟಿತು. ಕುರಾನಿನ ಭಾಷೆಯಲ್ಲಿ ಮಾತಾಡುವ ಹೆಂಗಸು ನಮ್ಮ ಮಾಳಿಗೆಯ ಮೇಲೆ! ಜ್ವರ ಬಂದ ಮಕ್ಕಳನ್ನು ಎತ್ತಿಕೊಂಡು, ನೀರಿನ ಬಾಟಲಿ ಹಿಡಿದುಕೊಂಡು, "ಸ್ವಲ್ಪ ಓದಿ ಊದಿ ಕೊಡವ್ವಾ" ಎಂದು ಮೆಟ್ಟಿಲ ಮೇಲೆ ಸಾಲು ನಿಂತರು. ಅಮಲ್ ಪೈಪಿನಲ್ಲಿ ನೀರು ಬರಲಿಲ್ಲವೆಂದು ಅರಬ್ಬಿಯಲ್ಲಿ ಗೊಣಗಿದರೂ ಕೆಳಗಿನವರು ತಲೆಯ ಮೇಲೆ ಸೆರಗು ಹೊದ್ದುಕೊಳ್ಳುತ್ತಿದ್ದರು. ಪಾಪ, ಮೊದಲ ಕೂಸನ್ನು ಹೇಗೆ ಹಿಡಿಯಬೇಕೆಂದು ಹೇಳಿಕೊಡುವವರಿಲ್ಲದೆ ಕಂಗಾಲಾಗಿದ್ದ ಹುಡುಗಿಯ ಮುಂದೆ ಇಡೀ ಓಣಿ ದುವಾ ಕೇಳಿಕೊಂಡು ಕೈ ಚಾಚಿ ನಿಂತಿತ್ತು. ಆಕೆಗೂ ಏನಾದರೂ ಬೇಕಿರಬಹುದೆಂದು ಯಾರಿಗೂ ಹೊಳೆಯಲಿಲ್ಲ.

ಅಮಲ್ ನಮ್ಮ ಮನೆಯೊಳಕ್ಕೆ ಕಾಲಿಟ್ಟ ಮೊದಲ ದಿನ ಏಟಿನ ದಿನವೇ. ಹಾಲು ಉಕ್ಕಿಸಿದೆನೆಂದು ಅಮ್ಮಿ ಲಟ್ಟಣಿಗೆ ಹಿಡಿದು ಅಂಗಳದ ತುಂಬ ನನ್ನನ್ನು ಓಡಿಸುತ್ತಿದ್ದಳು. ನನ್ನ ಕಿರುಚಾಟ ಕೇಳಿ ಅಮಲ್ ಬರಿಗಾಲಲ್ಲಿ ಮೆಟ್ಟಿಲಿಳಿದು ಬಂದಳು, ನಡುವೆ ನಿಂತಳು. ಅಮ್ಮಿಯ ಕೈಯಿಂದ ಲಟ್ಟಣಿಗೆ ತೆಗೆದುಕೊಂಡು, ಅಮ್ಮಿಯ ನೆತ್ತಿಗೆ ಒಂದು ಮುತ್ತು ಕೊಟ್ಟು, ಲಟ್ಟಣಿಗೆಯನ್ನು ಮತ್ತೆ ಅಮ್ಮಿಯ ಕೈಯಲ್ಲೇ ಇಟ್ಟಳು. ಅಮ್ಮಿ ಕಕ್ಕಾಬಿಕ್ಕಿ. ಅಷ್ಟು ಜನಕ್ಕೆ ಮಕ್ಕಳನ್ನು ಸಾಕುವ ರೀತಿ ಹೇಳುತ್ತಿದ್ದವಳಿಗೆ ಹೀಗೆ ಯಾರೂ ಹೇಳಿರಲಿಲ್ಲ.

"ಅಕಿಗಿ ಯಾರೂ ದಿಕ್ಕಿಲ್ಲ ಇಲ್ಲಿ," ಎಂದಳು ಅಮ್ಮಿ ಆ ಸಂಜೆ, ನಾನಿಮಾಗೆ. "ಕೂಸಿಗಿ ಏನು ಉಣಸಬೇಕು, ಬ್ಯಾಸಿಗ್ಯಾಗ ಹ್ಯಾಂಗ ನೋಡಕೋಬೇಕು, ಒಂದೂ ತಿಳೀವಲ್ದು. ನಾನೇ ಹೇಳಿಕೊಡ್ತೀನಿ."

"ಅಕೀ ಮುಂದ ನೀ ಯಾವ ಭಾಷಾದಾಗ ಹೇಳ್ತಿ?" ಎಂದಳು ನಾನಿಮಾ.

"ಚಿತ್ರಾ ಅದಾವಲ್ಲ. ಚಿತ್ರಕ್ಕ ಭಾಷಾ ಯಾಕ ಬೇಕು?"

ಅಮ್ಮಿಯ ಕೇಂದ್ರದಲ್ಲಿ ತಾಯಂದಿರಿಗೆ ತೋರಿಸುವ ಪಟಗಳಿದ್ದವು. ಅವನ್ನು ಮೇಲೆ ಒಯ್ದು ತೋರಿಸಿದಳು. ಪಟದಲ್ಲಿ ಸೀರೆ ಉಟ್ಟ, ಕುಂಕುಮ ಇಟ್ಟ ತಾಯಿ, ತಾಮ್ರದ ತಂಬಿಗೆ, ತುಳಸಿಕಟ್ಟೆ. ಅಮಲ್ ಮರ್ಯಾದೆಯಿಂದ ನೋಡಿದಳು, ಬೇರೆಯವರ ಮದುವೆಯ ಫೋಟೋ ನೋಡಿದ ಹಾಗೆ. ಅಮ್ಮಿ ಜಾಣೆ, ಕೂಡಲೇ ತಿಳಿಯಿತು. ಈ ಪಟದಲ್ಲಿ ಆಕೆ ಇಲ್ಲ, ಆಕೆಯ ಮನೆ ಇಲ್ಲ, ಹಾಗಿದ್ದ ಮೇಲೆ ಈ ಮಾತು ತನಗೆಂದು ಆಕೆಗೆ ಹೇಗೆ ಅನಿಸಬೇಕು? ನನ್ನನ್ನು ಕರೆದಳು. ಶಾಲೆಯಲ್ಲಿ ನನಗೆ ಬರುತ್ತಿದ್ದದ್ದು ಅದೊಂದೇ, ಚಿತ್ರ. ಬೇಸಿಗೆ ಬರುವ ಮೊದಲು ಭೇದಿಯ ಪಟವನ್ನು ಅಮಲ್‌ಗಾಗಿಯೇ ಹೊಸದಾಗಿ ಬರೆಯಬೇಕು, ತಾಯಿಗೆ ತಲೆಬಟ್ಟೆ, ತಂಬಿಗೆಯ ಬದಲು ಅವರ ಉದ್ದ ಮೂತಿಯ ಕೆಟಲಿ, ನೆಲದ ಮೇಲೆ ಅವರ ಕೆಂಪು ಜಮಖಾನೆ, ಪಕ್ಕದಲ್ಲಿ ಖರ್ಜೂರದ ತಟ್ಟೆ.

ನಾಲ್ಕು ದಿನ ಕೂತೆ. ನಾನು, ಕೂತೆ! ಒಂದು ಉದ್ದ ಹಾಳೆಯ ಮೇಲೆ ನಾಲ್ಕು ಚಿತ್ರ. ಮೊದಲನೆಯದರಲ್ಲಿ ಭೇದಿಯಿಂದ ಬಾಡಿದ ಕೂಸು, ಕಣ್ಣು ಗುಳಿ ಬಿದ್ದು ಕತ್ತು ವಾಲಿದೆ. ಎರಡನೆಯದರಲ್ಲಿ ತಾಯಿ ನೀರಿಗೆ ಉಪ್ಪು, ಸಕ್ಕರೆ ಬೆರೆಸುತ್ತಿದ್ದಾಳೆ. ಮೂರನೆಯದರಲ್ಲಿ ಚಮಚದಿಂದ ಕುಡಿಸುತ್ತಿದ್ದಾಳೆ. ನಾಲ್ಕನೆಯದರಲ್ಲಿ ದುಂಡು ಕೆನ್ನೆಯ ನಗುವ ಕೂಸು. ಅಮ್ಮಿ ಹಾಳೆಯನ್ನು ತೋಳಗಲ ಹಿಡಿದು ನೋಡಿದಳು. ಆಮೇಲೆ ಓಣಿಯಲ್ಲಿ ಸಿಕ್ಕವರಿಗೆಲ್ಲ ತೋರಿಸಿದಳು.

"ನನ್ನ ಮಗಳು ಬರದಾಳ್ರಿ. ನೋಡ್ರಿ, ಬೆರಳು ಸೈತ ಎಷ್ಟು ಚಂದ ತಗದಾಳ!"

ನನ್ನ ಬಗ್ಗೆ ಅಮ್ಮಿ ಹೊರಗಿನವರ ಮುಂದೆ ಆಡಿದ ಒಳ್ಳೆಯ ಮಾತು ಅದೇ ಮೊದಲು. ಆ ಹಿಗ್ಗಿಗೆ ಎರಡು ದಿನ ಅನ್ನ ಸೇರಲಿಲ್ಲ ನನಗೆ. ಮಾಳಿಗೆಯ ಕೋಣೆಯಲ್ಲಿ ಒಲೆಯ ಮೇಲಿನ ಗೋಡೆಗೆ ಪಟ ಅಂಟಿಸಿದಾಗ ಅಮಲ್ ಬಹಳ ಹೊತ್ತು ನೋಡಿದಳು. ತಲೆಬಟ್ಟೆಯನ್ನು ಮುಟ್ಟಿ, ಕೆಟಲಿಯನ್ನು ಮುಟ್ಟಿ ನಕ್ಕಳು. ಆಮೇಲೆ ಗಂಭೀರವಾಗಿ ತಲೆದೂಗಿ, ಎದೆಯ ಮೇಲೆ ಕೈಯಿಟ್ಟು ಶುಕ್ರನ್ ಎಂದಳು. ಉಪಕಾರವಾಯಿತು ಎಂದು. ತಲೆದೂಗಿದ್ದನ್ನು ನೋಡಿ, ತಿಳಿಯಿತು ಎನ್ನುತ್ತಿದ್ದಾಳೆ ಎಂದುಕೊಂಡೆವು. ಹೌದು, ಆಕೆಗೆ ಏನೋ ಸ್ಪಷ್ಟವಾಗಿಯೇ ತಿಳಿದಿತ್ತು.

ಬೇಸಿಗೆ ಬಂತು. ಯಹ್ಯಾ ಯಾವುದೋ ಕಾಗದಕ್ಕೆ ಮೊಹರು ಹಾಕಿಸಲು ಹೈದರಾಬಾದಿಗೆ ಹೋಗಿದ್ದ. ಹುದಾಗೆ ಆಗ ಎಂಟು ತಿಂಗಳು. ಆತ ಹೋದ ಮರುದಿನವೇ ಕೂಸಿಗೆ ಭೇದಿ ಶುರುವಾಯಿತು. ಬೆಳಿಗ್ಗೆಯಿಂದ ತೊಳೆದ ಬಟ್ಟೆಗಳು ಮಾಳಿಗೆಯ ಹಗ್ಗದ ತುಂಬ. ಅಮ್ಮಿ ಉಪ್ಪು ಸಕ್ಕರೆ ಬೆರೆಸಿದ ಲೋಟ ಹಿಡಿದು ಮೇಲೆ ಹೋದಳು. ಆ ಲೋಟ, ಚಮಚ ಕಂಡದ್ದೇ ತಡ, ಅಮಲ್ ಕೂಸನ್ನು ಅವಚಿಕೊಂಡು ಗೋಡೆಗೆ ಒರಗಿದಳು. ಅಮ್ಮಿ ನಗುತ್ತ ಹತ್ತಿರ ಹೋದಳು. ಅಮಲ್ ಕೈ ಬೀಸಿದಳು, ಲೋಟ ಮೆಟ್ಟಿಲ ಮೇಲೆ ಉರುಳಿತು. ಬಾಗಿಲು ಮುಚ್ಚಿತು, ಒಳಗಿಂದ ಚಿಲಕ ಬಿತ್ತು.

ಮರುದಿನವೂ ಅದೇ. ಬಾಗಿಲು ತೆರೆಯಲಿಲ್ಲ. ಕೆಳಗೆ ನಮ್ಮ ಮನೆಯಲ್ಲಿ ಜಗಳ ಹತ್ತಿಕೊಂಡಿತು.

"ನಮ್ಮ ನೀರು ಅಕಿಗಿ ಹೇಸಿಗಿ ಆಗ್ಯಾದ," ಎಂದಳು ಅಮ್ಮಿ. ಆಕೆಯ ಕಣ್ಣಲ್ಲಿ ನೀರಿತ್ತು. "ಇಷ್ಟು ಮಾಡೀನಿ ಅಕಿ ಸಲುವಾಗಿ. ನಾ ಏನು ವಿಷ ತಂದೀನೇನು?"

"ದೃಷ್ಟಿ ಆಗ್ಯಾದ ಕೂಸಿಗಿ," ಎಂದಳು ನಾನಿಮಾ. "ಊರ ಮಂದೆಲ್ಲ ಬಂದು ಬಂದು ನೋಡಿ ಹೋಗ್ಯಾರ. ದರ್ಗಾಕ್ಕ ಹೋಗಿ ದಾರ ತಗೊಂಡು ಬರ್ತೀನಿ."

"ದಾರ ಕಟ್ಟಿದ್ರ ಭೇದಿ ನಿಲ್ಲತದೇನು? ದವಾಖಾನಿಗಿ ಒಯ್ಯಬೇಕು. ಅಕಿ ಬಾಗಿಲಾ ತಗೀಲಿ ಮೊದಲ!"

"ಗಂಡ ಊರಾಗಿಲ್ಲ. ಗುರ್ತಿಲ್ಲದ ಮಂದಿ ಸಂಗಾಟ ಅಕಿ ಹ್ಯಾಂಗ ಬರ್ತಾಳ? ನೀನಾದ್ರ ಹೋಗ್ತಿದ್ದೇನು?"

ಮೂರನೆಯ ದಿನ ಮಧ್ಯಾಹ್ನ ಅಮ್ಮಿ ಕೇಂದ್ರದಲ್ಲಿದ್ದಳು, ನಾನಿಮಾ ದರ್ಗಾಕ್ಕೆ ಹೋಗಿದ್ದಳು. ನಾನು ನಾಲ್ಕು ಕೆಂಪು ಬಾಳೆಹಣ್ಣು ಹಿಡಿದು ಕಾದ ಮೆಟ್ಟಿಲ ಮೇಲೆ ಕುಣಿಯುತ್ತ ಹತ್ತಿದೆ. ನನ್ನ ದನಿ ಕೇಳಿ ಅಮಲ್ ಬಾಗಿಲು ತೆರೆದಳು. ಕೂಸು ಜಮಖಾನೆಯ ಮೇಲೆ ಬಿದ್ದಿತ್ತು. ಅಳುತ್ತಿರಲಿಲ್ಲ, ಅದೇ ಭಯ ಹುಟ್ಟಿಸಿತು. ಕಣ್ಣು ಗುಳಿ ಬಿದ್ದು, ಕತ್ತು ವಾಲಿ, ನಾನು ಬರೆದ ಕೂಸೇ ಅಲ್ಲಿ ಮಲಗಿತ್ತು. ಅಮಲ್ ನನ್ನ ಮುಂಗೈ ಹಿಡಿದು ಗೋಡೆಯ ಹತ್ತಿರ ಎಳೆದೊಯ್ದಳು. ಪಟದ ಮೇಲೆ ಬೆರಳಿಟ್ಟಳು. ಬಲಗಡೆಯ ತುದಿಯಲ್ಲಿ ನಗುವ ಕೂಸು. ಅಲ್ಲಿಂದ ಎಡಕ್ಕೆ ಸರಿದಳು. ಚಮಚದಿಂದ ಕುಡಿಸುವ ತಾಯಿ. ಮತ್ತೆ ಎಡಕ್ಕೆ. ಉಪ್ಪು ಬೆರೆಸುವ ತಾಯಿ. ಕೊನೆಗೆ ಎಡ ತುದಿ. ಬಾಡಿದ ಕೂಸು. ಅದರ ಮೇಲೆ ಬೆರಳು ಕುಟ್ಟಿ ಕುಟ್ಟಿ ನನ್ನ ಮುಖ ನೋಡಿದಳು, ಏನೋ ಕೇಳಿದಳು, ಬಿಕ್ಕಿದಳು. ಈ ನೀರು ಕುಡಿಸಿದರೆ ಚೆನ್ನಾಗಿದ್ದ ಕೂಸು ಹೀಗಾಗುತ್ತದೆಂದು ನೀವೇ ಬರೆದು ಅಂಟಿಸಿದಿರಿ, ಈಗ ಅದನ್ನೇ ನನ್ನ ಕೂಸಿಗೆ ಕುಡಿಸಲು ಬರುತ್ತೀರಲ್ಲ? ಅದು ಬಿಟ್ಟು ಬೇರೆ ಪ್ರಶ್ನೆ ಇರಲು ಸಾಧ್ಯವೇ ಇರಲಿಲ್ಲ.

ನನಗೆ ಒಂದೇ ಕ್ಷಣದಲ್ಲಿ ತಿಳಿಯಿತು. ದಿನಾ ಸಂಜೆ ಅರಬ್ಬಿಯನ್ನು ಬಲದಿಂದ ಎಡಕ್ಕೆ ಬೆರಳು ಸರಿಸಿ ಓದುವ ಹುಡುಗಿ ನಾನು. ಅದೇ ಬೆರಳಿನಿಂದ ಶಾಲೆಯ ರೂಢಿಯಲ್ಲಿ ಎಡದಿಂದ ಬಲಕ್ಕೆ ಚಿತ್ರ ಬರೆದಿದ್ದೆ. ಕೈಸನ್ನೆಯಲ್ಲಿ ತಿಳಿಸಲು ನೋಡಿದೆ, ಬೆರಳನ್ನು ಎಡದಿಂದ ಸರಿಸಿ ತೋರಿಸಿದೆ. ಆಕೆ ತಲೆಯಲ್ಲಾಡಿಸಿ ನನ್ನ ಬೆರಳನ್ನು ಮತ್ತೆ ಬಲತುದಿಗೇ ಎಳೆದಳು. ಬಾಳೆಹಣ್ಣು ಅಲ್ಲೇ ಬಿಟ್ಟು ಕೆಳಗೆ ಓಡಿದೆ. ಓಡಿ ಎಲ್ಲಿಗೆ ಹೋಗಬೇಕಿತ್ತು ಎಂಬುದು ನನಗೆ ಗೊತ್ತಿತ್ತು. ಕೇಂದ್ರ ಎರಡು ಓಣಿಯಾಚೆ, ಅಮ್ಮಿ ಅಲ್ಲೇ ಇದ್ದಳು. ನಾನು ಹೋಗಲಿಲ್ಲ. ಅಂಗಳದಲ್ಲಿ ಸುತ್ತಿದೆ, ಓಣಿಯ ತುದಿಯವರೆಗೆ ಹೋಗಿ ಬಂದೆ, ಮತ್ತೆ ಹೋದೆ. ಅಮ್ಮಿ ಮೂರು ಗಂಟೆಗೆ ಮನೆಗೆ ಬಂದಾಗಲೂ ಬಾಯಿ ಬಿಡಲಿಲ್ಲ. ಏಟಿನ ಭಯವೆಂದು ಹೇಳಿದರೆ ಸುಳ್ಳಾಗುತ್ತದೆ, ಏಟು ನನಗೆ ಹೊಸದಲ್ಲ. "ನನ್ನ ಮಗಳು ಬರದಾಳ್ರಿ" ಎಂಬ ಆ ಒಂದು ಮಾತು ಕೈತಪ್ಪಿ ಹೋಗುತ್ತದಲ್ಲ ಎಂಬುದೇ ನನ್ನ ಸಂಕಟ. ಒಂದು ಕೂಸು ಒಣಗುತ್ತಿತ್ತು, ನಾನು ಹೊಗಳಿಕೆಯನ್ನು ಕಾಯುತ್ತ ಕೂತಿದ್ದೆ. ಈ ವಯಸ್ಸಿನಲ್ಲೂ ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಸಂಜೆ ಹಾಫಿಜ್ ಸಾಬರ ಮುಂದೆ ಕೂತು ಸಾಲಿನ ಬಲತುದಿಯಲ್ಲಿ ಬೆರಳಿಟ್ಟೆ. ಬೆರಳು ಸರಿಯಲಿಲ್ಲ. "ಪಢೋ," ಎಂದರು ಅವರು, ಓದು ಎಂದು. ಎದ್ದು ಚಪ್ಪಲಿ ಬಿಟ್ಟು ಓಡಿಬಿಟ್ಟೆ. ಅಮ್ಮಿ ಹಿಟ್ಟು ನಾದುತ್ತಿದ್ದಳು, ಪಕ್ಕದಲ್ಲೇ ಲಟ್ಟಣಿಗೆ.

"ಅಮ್ಮಿ, ಅಕಿ ಚಿತ್ರಾ ಬಲಕಿನಿಂದ ಓದ್ತಾಳ," ಎಂದೆ. ಜಗಳಕ್ಕೆಂದೇ ಇಟ್ಟಿದ್ದ ಕನ್ನಡ ಆವತ್ತು ತಾನಾಗಿ ಬಾಯಿಗೆ ಬಂತು. "ನಾ ಎಡಕಿನಿಂದ ಬರದೀನಿ. ಆ ನೀರು ಕುಡದ್ರ ಕೂಸು ಸಾಯತದ ಅಂತ ತಿಳಕೊಂಡಾಳ."

ಅಮ್ಮಿಯ ಕೈ ಹಿಟ್ಟಿನಲ್ಲೇ ನಿಂತಿತು. "ಯಾವಾಗ ತಿಳೀತು ನಿನಗ?"

"ಈಗೇ," ಎಂದೆ.

ಆಕೆ ಹಿಟ್ಟಿನ ಕೈಯಲ್ಲೇ ಕತ್ತರಿ ತೆಗೆದುಕೊಂಡು ಮೆಟ್ಟಿಲು ಹತ್ತಿದಳು, ಹಿಂದೆ ನಾನು ಉಪ್ಪು ಸಕ್ಕರೆ ನೀರಿನ ಲೋಟ ಹಿಡಿದು. ನಾನು ಕೂಗಿದ್ದಕ್ಕೆ ಬಾಗಿಲು ತೆರೆಯಿತು. ಅಮ್ಮಿ ನೇರ ಗೋಡೆಗೆ ಹೋಗಿ ಪಟ ಕಿತ್ತಳು, ನಾಲ್ಕು ತುಂಡು ಮಾಡಿದಳು. ಜಮಖಾನೆಯ ಮೇಲೆ ಬಲದಿಂದ ಒಂದೊಂದಾಗಿ ಇಟ್ಟಳು, ಬಾಡಿದ ಕೂಸು, ಉಪ್ಪು ಸಕ್ಕರೆ, ಚಮಚ, ನಗುವ ಕೂಸು. ಆಮೇಲೆ ಲೋಟದಿಂದ ತಾನೇ ಒಂದು ಗುಟುಕು ಕುಡಿದಳು, ನನಗೂ ಕುಡಿಸಿದಳು. ಅಮಲ್ ಆ ತುಂಡುಗಳನ್ನು ನೋಡಿದಳು, ಅಮ್ಮಿಯನ್ನು ನೋಡಿದಳು. ಅಮ್ಮಿ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡು, ತಪ್ಪು ನಮ್ಮದು ಎಂದು ಕಿವಿ ಹಿಡಿದಳು. ಅಮಲ್ ಚಮಚಕ್ಕಾಗಿ ಕೈ ಚಾಚಿದಳು.

ಅಬ್ಬಾ ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದರು, ಆಟೋ ತಂದರು. ದಾರಿಯುದ್ದಕ್ಕೂ ಅಮಲ್ ಚಮಚ ಚಮಚವಾಗಿ ಕುಡಿಸುತ್ತಿದ್ದಳು, ಅಮ್ಮಿ ಲೋಟ ಹಿಡಿದಿದ್ದಳು. ದವಾಖಾನೆಯಲ್ಲಿ ಸಲೈನ್ ಏರಿಸಲು ಕೂಸಿನ ನರ ಸಿಗದೆ ಮೂರು ಕಡೆ ಚುಚ್ಚಿದರು. ಡಾಕ್ಟರು ಅಮ್ಮಿಯ ಕಡೆ ತಿರುಗಿ ಗದರಿದರು.

"ಮಧ್ಯಾಹ್ನದಾಗೇ ತರಬೇಕಿತ್ತಲ್ಲಮ್ಮಾ. ಇಷ್ಟ್ಯಾಕ ತಡಾ ಮಾಡೀರಿ?"

ಅಮ್ಮಿ ತಲೆ ತಗ್ಗಿಸಿದಳು. ನಾನು ಅಮಲ್ ಕಡೆ ನೋಡಿದೆ. ಮಧ್ಯಾಹ್ನ ನನಗೆ ತಿಳಿದಿತ್ತೆಂಬುದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಆಕೆಯೊಬ್ಬಳಿಗೆ, ಆಕೆಗೆ ಹೇಳುವ ಭಾಷೆ ಇರಲಿಲ್ಲ. ನನಗೆ ಸಮಾಧಾನವಾಯಿತು. ಆ ಸಮಾಧಾನವನ್ನು ನಾನು ಎಂದೂ ಕ್ಷಮಿಸಿಕೊಂಡಿಲ್ಲ.

ಕೂಸು ಉಳಿಯಿತು. ಯಹ್ಯಾ ಬಂದ ಮೇಲೆ ಆತನ ಒಪ್ಪಿಗೆ ಪಡೆದು ನಾನಿಮಾ ತಾಯಿ ಮಗು ಇಬ್ಬರನ್ನೂ ಕಮಲಾಪುರಕ್ಕೆ ಕರೆದೊಯ್ದಳು. ರಜೆಯಿತ್ತು, ಅಮ್ಮಿ ಮತ್ತು ನಾನೂ ಹೋದೆವು. ಅಲ್ಲಿ ಅಮ್ಮಿ ಪಟ ಗಿಟ ಏನೂ ಒಯ್ಯಲಿಲ್ಲ. ಬೆಳಿಗ್ಗೆ ಒಲೆಯ ಮುಂದೆ ಅಮಲ್ ಪಕ್ಕ ಕೂತು, ನಿಮ್ಮಲ್ಲಿ ಹೇಗೆ ಮಾಡುತ್ತೀರಿ, ತೋರಿಸು ಎಂದು ಕೈಸನ್ನೆಯಲ್ಲಿ ಕೇಳುತ್ತಿದ್ದಳು. ಅಮಲ್ ನೆನೆಸಿದ ಮೆಂತ್ಯವನ್ನು ಅರೆದು ಬೆಳ್ಳಗೆ ನೊರೆ ಬರುವಂತೆ ಕಲಸಿ ತೋರಿಸಿದಳು, ಬಾಣಂತಿಗೆ ಮೆಂತ್ಯದ ಉಂಡೆ ಕಟ್ಟುವ ನಾನಿಮಾ ಬಾಯಿಬಿಟ್ಟು ನೋಡಿದಳು. ನಾನಿಮಾ ಕೆಂಪು ಬಾಳೆಹಣ್ಣನ್ನು ಬೆರಳಿಂದ ಹಿಸುಕಿ ಹುದಾಳ ನಾಲಿಗೆಗೆ ಹಚ್ಚಿದಳು. ಅಮಲ್ ತಾನೂ ಅದರಲ್ಲಿ ಒಂದು ಖರ್ಜೂರ ಕಿವುಚಿ ಸೇರಿಸಿದಳು. ಕೂಸು ಎರಡೂ ತಿಂದು ಇನ್ನೂ ಬೇಕೆಂದು ಬಾಯಿ ತೆರೆಯಿತು. ನಾನೊಬ್ಬಳೇ ಬಾಳೆತೋಟದ ತುಂಬ ಅಂಡಲೆಯುತ್ತಿದ್ದೆ. ಅಮಲ್ ಎದುರು ಬಂದರೆ ದಾರಿ ಬದಲಿಸುತ್ತಿದ್ದೆ.

ಎರಡು ವರ್ಷದ ನಂತರ ಅವರು ತಮ್ಮ ದೇಶಕ್ಕೆ ಹೋದರು. ಅಷ್ಟರಲ್ಲಿ ಅಮಲ್ ಓಣಿಯವರ ಜೊತೆ ದಖನಿಯಲ್ಲಿ ಜಗಳವಾಡುವಷ್ಟು ಕಲಿತಿದ್ದಳು. ಆದರೂ ಆ ಮಧ್ಯಾಹ್ನದ ಮಾತು ನನ್ನ ಮುಂದೆ ಎತ್ತಲಿಲ್ಲ. ಇನ್ನೊಂದು ವಿಷಯವನ್ನು ನಾನು ಗಮನಿಸಿದ್ದೆ. ಆ ಬೇಸಿಗೆಯ ನಂತರ ಲಟ್ಟಣಿಗೆ ಚಪಾತಿಗೆ ಮಾತ್ರ ಉಳಿಯಿತು. ಪರದೇಶದವರ ಮುಂದೆ ಮಗಳನ್ನು ಹೊಡೆಯಲು ಅಮ್ಮಿಗೆ ನಾಚಿಕೆಯೆಂದು ತಿಳಿದುಕೊಂಡಿದ್ದೆ. ಅವರು ಹೋದ ಮೇಲೂ ಅದು ಮೇಲೇಳಲಿಲ್ಲ.

ಈಗ ಅಮ್ಮಿಯ ಮೊಣಕಾಲುಗಳು ಕೈಕೊಟ್ಟಿವೆ. ನಮ್ಮ ಮನೆಯಲ್ಲಿ ಕೂತ ಮೊದಲ ಮನುಷ್ಯಳು ಆಕೆಯೇ. ಮೊನ್ನೆ ಬಾಳೆಹಣ್ಣು ಸುಲಿದು ಕೊಡುತ್ತ, ಇಷ್ಟು ವರ್ಷ ಬಚ್ಚಿಟ್ಟದ್ದನ್ನು ಹೇಳಿಯೇಬಿಟ್ಟೆ. ಆವತ್ತು ನಾನು ಸುಳ್ಳು ಹೇಳಿದ್ದೆ ಅಮ್ಮಿ, ನನಗೆ ಮಧ್ಯಾಹ್ನವೇ ತಿಳಿದಿತ್ತು.

"ಗೊತ್ತದ," ಎಂದಳು, ಹಣ್ಣಿನ ನಾರು ಬಿಡಿಸುತ್ತ. "ಕಮಲಾಪುರದಾಗ ಅಮಲ್ ಹೇಳಿದ್ಲು. ಸೂರ್ಯ ನೆತ್ತಿ ಮ್ಯಾಲ ಇದ್ದಾಗ ನೀ ಬಂದಿದ್ದಿ ಅಂತ ಕೈ ಮಾಡಿ ತೋರಿಸಿದ್ಲು. ಹೊಡೀಬ್ಯಾಡ ಅಂತ ನನ್ನ ಕೈ ಹಿಡಕೊಂಡಿದ್ಲು."

"ಅದಕ್ಕೇ ಹೊಡೀಲಿಲ್ಲೇನು?"

ಅಮ್ಮಿ ಹಣ್ಣು ಕೆಳಗಿಟ್ಟು ನನ್ನ ಮುಖ ನೋಡಿದಳು. ಅಂಗನವಾಡಿಯಲ್ಲಿ ಬೇರೆಯವರ ಮಕ್ಕಳನ್ನು ತಕ್ಕಡಿಗೆ ಹಾಕಿ ಹಾಗೆ ನೋಡುತ್ತಿದ್ದಳು.

"ನೀ ಹತ್ತು ವರ್ಷದ ಹುಡಿಗಿ, ಅರ್ಧ ದಿನ ಬಾಯಿ ಮುಚಗೊಂಡಿದ್ದಿ," ಎಂದಳು. "ನಾ ದಿನಾ ಮುಂಜಾನಿ ಬಲಕಿನಿಂದ ಕುರಾನ ಓದಾಕಿ, ನನಗೂ ಹೊಳೀಲಿಲ್ಲ. ಆ ಚಿತ್ರಾ ಕೈಯಾಗ ಹಿಡಕೊಂಡು ಓಣಿಯೆಲ್ಲ ತೋರಿಸಿ ಬಂದೀನಿ. ಮೂರು ದಿನ ಅಕಿ ಬಾಗಿಲ ಮುಂದ ನಿಂತು, ಯಾಕ ಒಲ್ಲಿ ಅಂತ ಒಂದ ಸಲ ಕೇಳಿಲ್ಲ. ಲಟ್ಟಣಿಗಿ ತಗೊಂಡು ಮೊದಲ ಯಾರಿಗಿ ಹೊಡೀಬೇಕಿತ್ತು, ನೀನೇ ಹೇಳು."